ಕವಿ ರಾಘವಾಂಕನೂ ಹರಿಶ್ಚಂದ್ರನಾಟಕವೂ

ಶಿವಕವಿಗಳ ಸಾಲಿನಲ್ಲಿ ಹರಿಹರದೇವನ ತರುವಾಯ ಮೊದಲು ನೆನೆಯತಕ್ಕವನು ರಾಘವಾಂಕನು. ಕ್ರಿ. ಶ. 13ನೆಯ ಶತಮಾನದ ಆದಿಭಾಗದಲ್ಲಿ ಪಂಪಾಕ್ಷೇತ್ರದಲ್ಲಿ ಬಾಳಿದ ಈತನಿಗೆ ಮಹಾದೇವಭಟ್ಟನು ತಂದೆ, ರುದ್ರಾಣಿಯು ತಾಯಿ, ಹರಿಹರನೇ ಸೋದರಮಾವನೂ ಗುರುವೂ. ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳ ನರಸಿಂಹಬಲ್ಲಾಳನ ಕರಣಿಕನಾಗಿದ್ದ ಹರಿಹರನು ಅರಮನೆಯ ಲೆಕ್ಕವನ್ನು ತೊರೆದು ಹಂಪೆಯ ವಿರೂಪಾಕ್ಷನನ್ನು ಆಶ್ರಯಿಸಿದನೆಂದು ಪರಂಪರೆಯು ಹೇಳುತ್ತದೆ. ಮನುಜರನ್ನು ಹೊಗಳಕೂಡದೆಂಬುದು ಆತನ ವ್ರತವಾಗಿತ್ತು.

ಇಂತಹ ಗುರುವಿನ ಶಿಷ್ಯನು ಹರಿಶ್ಚಂದ್ರನೆಂಬ ಅರಸನನ್ನು ಕಾವ್ಯನಾಯಕನನ್ನಾಗಿ ಮಾಡಿದನು. ಹರಿಹರನು ಮುನಿದು ಪಾದರಕ್ಷೆಯಿಂದ ಹೊಡೆಯಲು ಶಿಷ್ಯನ ಹಲ್ಲುಗಳು ಉದುರಿದುವೆಂದೂ, ಶಿವಪರವಾದ ಕಾವ್ಯಗಳನ್ನು ರಚಿಸಿದ ಮೇಲೆ ಅವು ಮರಳಿ ಮೂಡಿದುವೆಂದೂ ಐತಿಹ್ಯವುಂಟು. ಸೋಮನಾಥಚಾರಿತ್ರ, ಸಿದ್ಧರಾಮಚಾರಿತ್ರ, ವೀರೇಶಚರಿತೆಗಳು ಉಳಿದು ಬಂದಿವೆ. ಶರಭಚಾರಿತ್ರ, ಹರಿಹರಮಹತ್ವಗಳು ಹೆಸರಿನಿಂದ ಮಾತ್ರ ತಿಳಿದಿವೆ. ಆದರೆ ಗುರುವಿನ ಮುನಿಸಿಗೆ ಗುರಿಯಾದ ಆ ಕಾವ್ಯವೂ ಶಿವನಿಗೆ ದೂರವಾದುದಲ್ಲ. ಅದರ ತಿರುಳಿನಲ್ಲಿ ಸತ್ಯವೂ ಶಿವನೂ ಒಂದೇ. ಅರಸನ ಸ್ತುತಿಯಂತೆ ತೋರುವುದು ಸತ್ಯದ ಸ್ತುತಿಯೇ ಆಗಿದೆ.

ಹಳೇಬೀಡಿನ ಹೊಯ್ಸಳೇಶ್ವರಾಲಯವೂ, 1220ರಲ್ಲಿ ನಿರ್ಮಿತವಾದ ಅರಸೀಕೆರೆಯ ಈಶ್ವರಾಲಯವೂ ಇರುವ ಈ ಸೀಮೆಗೇ ಕವಿಯು ಕಡೆಗಾಲದಲ್ಲಿ ಬಂದನು. ಗುರುವಿನ ಅಪ್ಪಣೆಯಂತೆ ಬೇಲೂರಿನಲ್ಲಿ ನೆಲಸಿ ಅಲ್ಲಿಯೇ ಶಿವೈಕ್ಯನಾದನೆಂದು ಸಂಪ್ರದಾಯವು ನಂಬುತ್ತದೆ.

ಕನ್ನಡದಲ್ಲಿ ಇಂದು ದೊರೆತಿರುವ ಮೊದಲ ನಾಟಕವಾದ ಸಿಂಗರಾರ್ಯನ ಮಿತ್ರವಿಂದಾಗೋವಿಂದವು 17ನೆಯ ಶತಮಾನದ್ದು. ಅದಕ್ಕೆ ನಾಲ್ಕು ನೂರು ವರ್ಷಗಳ ಹಿಂದೆಯೇ ರಾಘವಾಂಕನು ವಾರ್ಧಕಷಟ್ಪದಿಯ ಆರು ಪಾದಗಳೊಳಗೆ ಪ್ರಶ್ನೆ, ಉತ್ತರ, ಮರುಪ್ರಶ್ನೆಗಳನ್ನು ಅಡಕಮಾಡಿ ಪದ್ಯವನ್ನೇ ರಂಗಸ್ಥಳವನ್ನಾಗಿ ಮಾಡಿದನು. ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ವಾಗ್ವಾದ, ಸಾಲಕ್ಕಾಗಿ ಬೆನ್ನುಹತ್ತುವ ನಕ್ಷತ್ರಿಕನ ಕಾಟ, ಕಾಶಿಯ ಸುಡುಗಾಡಿನಲ್ಲಿ ಚಂದ್ರಮತಿಯ ಪ್ರಲಾಪ, ಇವುಗಳನ್ನು ರಂಗಕ್ಕೆ ತರುವವನು ಸಂಭಾಷಣೆಯನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ವರ್ಣನೆಗಳನ್ನು ಪರದೆಗೆ ಬಿಟ್ಟು ಮಾತುಗಳನ್ನು ಪಾತ್ರಗಳಿಗೆ ಹಂಚಿದರೆ ಸಾಕು.

ಕಷ್ಟವಿರುವುದು ಯಾವುದನ್ನು ಬಿಡಬೇಕೆಂಬಲ್ಲಿ. ವಿಶ್ವಾಮಿತ್ರನು ಕಳುಹಿದ ಅನಾಮಿಕ ಕನ್ನೆಯರು ತಮ್ಮನ್ನು ವರಿಸೆಂದು ಅರಸನನ್ನು ಕೇಳುತ್ತಾರೆ. ತಮ್ಮ ಹಾಡನ್ನು ಕೇಳಿದ ಕಿವಿಗೂ ರೂಪವನ್ನು ಕಂಡ ಕಣ್ಣಿಗೂ ತಗಲದ ಹೊಲೆಯು ಸ್ಪರ್ಶಕ್ಕೆ ಮಾತ್ರ ಹೇಗೆ ತಗಲುವುದೆಂದು ವಾದಿಸುತ್ತಾರೆ. ಉತ್ತರವಿಲ್ಲದ ಅರಸನು ಅವರನ್ನು ಹೊಡೆದು ಅಟ್ಟುತ್ತಾನೆ. ಕುಲದ ಅಭಿಮಾನದಿಂದ ಅಟ್ಟಿದ ಆತನೇ ಮುಂದೆ ಚಂಡಾಲನಾದ ವೀರಬಾಹುಕನ ಆಳಾಗಿ ಸ್ಮಶಾನವನ್ನು ಕಾಯುತ್ತಾನೆ. ಕಾಲಸಂಕೋಚಕ್ಕಾಗಿ ಕನ್ನೆಯರ ವಾದವನ್ನು ಕತ್ತರಿಸಿದ ನಾಟಕದಲ್ಲಿ ಕಣ್ಣೀರು ಉಳಿಯುವುದು, ಕುಲಮದವು ಕರಗಿದ ಕಥೆಯು ಅಳಿಯುವುದು. ಜಾತಿಸೂತಕವನ್ನು ನಿರಾಕರಿಸಿದ ಶರಣಧರ್ಮದವರು ಈ ಭಾಗವನ್ನು ಬಿಡಲಾಗದು.

ಗುಜರಾತಿನಲ್ಲಿ ಬಾಲಕನಾದ ಮೋಹನದಾಸ ಗಾಂಧಿಯ ಮನಸ್ಸನ್ನು ಸೆರೆಹಿಡಿದುದು ಹರಿಶ್ಚಂದ್ರನ ನಾಟಕವೇ. ಕನ್ನಡದಲ್ಲಿ ಬಯಲಾಟದವರೂ ವೃತ್ತಿನಾಟಕಮಂಡಲಿಗಳೂ ಆ ಕಥೆಯನ್ನು ಊರೂರಿಗೆ ಒಯ್ದರು. ರಂಗಭೂಮಿಯ ನಟರಾದ ನಾಗೇಂದ್ರರಾಯರೂ ಸುಬ್ಬಯ್ಯನಾಯಿಡುಗಳೂ 1943ರಲ್ಲಿ ಅದನ್ನು ಚಲಚ್ಚಿತ್ರಕ್ಕೆ ತಂದರು. 1965ರಲ್ಲಿ ರಾಜಕುಮಾರರು ಮತ್ತೆ ಹರಿಶ್ಚಂದ್ರನಾದರು. ಓದುಬಾರದ ಜನರೂ ಬಿಡದೆ ಕಾಡುವವನನ್ನು ನಕ್ಷತ್ರಿಕನೆಂದು ಕರೆಯುವಷ್ಟು ಆ ಕಥೆಯು ನಾಡಿನ ನಾಲಗೆಯಲ್ಲಿ ನೆಲಸಿದೆ. ಗುರುವು ಒಲ್ಲೆನೆಂದ ಕಾವ್ಯವೇ ಶಿಷ್ಯನ ಹೆಸರನ್ನು ಮನೆಮನೆಗೂ ಮುಟ್ಟಿಸಿತು.