ನೆರೆದೇಶಕ್ಕೂ ನೆರವಾದ ಬೆನಗಲ್ ನರಸಿಂಗರಾಯರು

ಸಂವಿಧಾನ ಅಂದ ಕೂಡಲೇ ನಮಗೆಲ್ಲ ಡಾ. ಬಿ.ಆರ್. ಅಂಬೇಡ್ಕರರು ನೆನಪಾಗುತ್ತಾರೆ. ಆ ಕೆಲಸದಲ್ಲಿ ದುಡಿದ ಇನ್ನೊಬ್ಬರು ನಮ್ಮ ಕರ್ನಾಟಕದವರೇ. ಅವರೇ ಬೆನಗಲ್ ನರಸಿಂಗರಾಯರು. ಅವರ ವಿಷಯ ನಾನು ಇಲ್ಲಿ ಬರೆದಿದ್ದೇನೆ.

ರಾಯರು 1887ರ ಫೆಬ್ರವರಿ 26ರಂದು ದಕ್ಷಿಣ ಕನ್ನಡದಲ್ಲಿ ಹುಟ್ಟಿದರು. ತಂದೆ ಡಾಕ್ಟರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತ್ಯಕ್ಕೇ ಮೊದಲಿಗರಾದರು. ಆಗ ನಮ್ಮ ಹಂಪಸಾಗರವೂ ಅದೇ ಪ್ರಾಂತ್ಯದಲ್ಲಿತ್ತು. ಮುಂದೆ ಕೇಂಬ್ರಿಡ್ಜಿನಲ್ಲಿ ಓದಿ ಐ.ಸಿ.ಎಸ್. ಅಧಿಕಾರಿಯಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ಸಂಬಳ ತೆಗೆದುಕೊಳ್ಳದೆ ದುಡಿದರು. 1947ರ ಅಕ್ಟೋಬರಿನಲ್ಲಿ ಅವರು ಕೊಟ್ಟ ಮೊದಲ ಕರಡನ್ನು ಮುಂದಿಟ್ಟುಕೊಂಡು ಅಂಬೇಡ್ಕರರ ಸಮಿತಿ ಕೆಲಸ ಮಾಡಿತು.

ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಅದೇ ವರ್ಷ ಪಕ್ಕದ ಬರ್ಮಾ ದೇಶವೂ ಬ್ರಿಟಿಷರಿಂದ ಬಿಡುಗಡೆಗೆ ಕಾಯುತ್ತಿತ್ತು. ಅಲ್ಲಿನ ಸಂವಿಧಾನ ಸಲಹೆಗಾರರು ದೆಹಲಿಗೆ ಬಂದರು. ತಮ್ಮ ಕೆಲಸವೇ ಬೆಟ್ಟದಷ್ಟಿದ್ದರೂ ರಾಯರು ಅವರ ಕರಡಿಗೂ ನೆರವಾದರು. ಆ ಸಂವಿಧಾನದಲ್ಲಿ ಜನರ ಮೂಲಭೂತ ಹಕ್ಕುಗಳಿದ್ದವು, ಎರಡು ಸದನಗಳಿದ್ದವು, ಸುಪ್ರೀಂ ಕೋರ್ಟ್ ಇತ್ತು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು.

ಆಮೇಲೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. ಆಗಲೇ ಕೊರಿಯಾ ಯುದ್ಧ ಶುರುವಾಯಿತು. ಭಾರತ ಅಲ್ಲಿಗೆ ಕಾದಾಡುವ ದಂಡನ್ನು ಕಳಿಸಲಿಲ್ಲ, ಗಾಯಾಳುಗಳಿಗೆ ವೈದ್ಯರ ತಂಡ ಕಳಿಸಿತು. ಕದನ ನಿಲ್ಲಿಸಲು ಡಿಸೆಂಬರಿನಲ್ಲಿ ಮೂವರ ಸಮಿತಿಯಾಯಿತು. ರಾಯರು ಅದರಲ್ಲಿ ಒಬ್ಬರು. ಅವರ ಯತ್ನ ಆಗ ಕೈಗೂಡಲಿಲ್ಲ. ಗುಂಡಿನ ಸದ್ದು ನಿಂತದ್ದು 1953ರ ಜುಲೈಯಲ್ಲಿ.

1952ರಲ್ಲಿ ಅವರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ನಮ್ಮ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡೇ ತಿಂಗಳಾಗಿತ್ತು.

ಬರ್ಮಾದಲ್ಲಿ 1962ರಲ್ಲಿ ಸೈನ್ಯವು ಅಧಿಕಾರ ಕಿತ್ತುಕೊಂಡು ಆ ಸಂವಿಧಾನವನ್ನು ಮೂಲೆಗೆ ತಳ್ಳಿತು. ಹಾಗಂತ ರಾಯರ ಶ್ರಮ ದಂಡವಾಯಿತು ಅನ್ನಲು ನನಗೆ ಮನಸ್ಸಿಲ್ಲ. ಪ್ರಜಾಪ್ರಭುತ್ವ ತರುತ್ತೇವೆ ಅಂತ ಬೇರೆಯವರ ನೆಲಕ್ಕೆ ದಂಡು ಕಳಿಸಿದ ದೇಶಗಳಿವೆ. ಕೇಳಿಕೊಂಡು ಬಂದವರಿಗೆ ವಿದ್ಯೆ ಕೊಟ್ಟು ಕಳಿಸಿದವರು ರಾಯರು. ಹೊರಗಿನವರು ಅಷ್ಟು ಮಾಡಬಹುದು. ಕಾಯ್ದುಕೊಳ್ಳುವ ಕೆಲಸ ಆಯಾ ದೇಶದ ಜನರದೇ. ಗೆಳೆಯರೇ, ನಮ್ಮ ಸಂವಿಧಾನವನ್ನು ಕಾಯಬೇಕಾದವರು ನಾವೇ ಅಲ್ಲವೇ?