ಮೂರು ಸಮುದ್ರಗಳನ್ನು ದಾಟಿದ ವರ್ತಕನು: ಅಫನಾಸಿ ನಿಕಿತಿನನ ಚರಿತ್ರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಗಳ ಹಳ್ಳಿಗಳಿಂದ, ಮಳೆ ತಪ್ಪಿದ ವರುಷಗಳಲ್ಲಿ ಕೂಲಿಯನ್ನು ಹುಡುಕಿಕೊಂಡು ಮುಂಬಯಿಗೂ ಗೋವೆಗೂ ಹೋದವರು ಬಹು ಮಂದಿ ಇದ್ದಾರೆ. ಗುರುತಿಲ್ಲದ ದಾರಿ, ತಿಳಿಯದ ಮಾತು, ಆದಿತ್ಯವಾರ ಯಾವದೆಂಬದೂ ಮರೆತುಹೋಗುವಂಥ ದುಡಿತ, ಇವೆಲ್ಲಾ ಅವರಿಗೆ ಗೊತ್ತು. ಇಂಥ ದಾರಿಯನ್ನು ಐನೂರು ವರುಷಗಳಿಗಿಂತ ಹಿಂದೆ ನಡೆದ ಒಬ್ಬ ಕ್ರೈಸ್ತ ವರ್ತಕನ ಚರಿತ್ರೆಯನ್ನು ಈ ಸಾರಿ ಹೇಳುತ್ತೇವೆ. ಅವನು ಸಂಚರಿಸಿದ ನಾಡು ನಮಗೆ ದೂರವಾದದ್ದಲ್ಲ. ಭೀಮಾನದಿಯ ಆಚೆಗಿರುವ ಆಳಂದ, ಕಲಬುರ್ಗಿ, ಬೀದರ್ ಸೀಮೆಯೇ.

ಅವನ ಹೆಸರು ಅಫನಾಸಿ ನಿಕಿತಿನ್. ರಷ್ಯಾ ದೇಶದ ವೋಲ್ಗಾ ನದಿಯ ದಡದಲ್ಲಿರುವ ತ್ವೇರ್ ಪಟ್ಟಣವು ಅವನ ಊರು. ಅವನು ಮನೆಯನ್ನು ಬಿಟ್ಟದ್ದು 1466ರಲ್ಲೆಂದು ಕೆಲವು ಪಂಡಿತರೂ 1468ರಲ್ಲೆಂದು ಬೇರೆ ಕೆಲವರೂ ಎಣಿಸುತ್ತಾರೆ. ಕಾಸ್ಪಿಯನ್ ಸಮುದ್ರದ ಬಳಿಯ ಶಿರ್ವಾನ್ ಸೀಮೆಗೆ ಹೋಗುವ ರಾಯಭಾರಿಯ ಸಂಗಡ ಅವನೂ ನದಿಯ ಮೇಲೆ ಹೊರಟನು. ಆದರೆ ಅಸ್ತ್ರಾಖಾನಿನ ಹತ್ತಿರ ತಾತಾರರು ದೋಣಿಗಳ ಮೇಲೆ ಬಿದ್ದು ಸರಕನ್ನೆಲ್ಲಾ ದೋಚಿದರು. ಸರಕಿನ ಕೂಡ ಅವನ ಪುಸ್ತಕಗಳೂ ಹೋದವು. ಹಬ್ಬಗಳನ್ನೂ ಉಪವಾಸದ ದಿನಗಳನ್ನೂ ತಿಳಿಯುವದಕ್ಕೆ ಅವನಿಗೆ ಅವೇ ಆಧಾರವಾಗಿದ್ದವು. ಸಂಗಡಿಗರಲ್ಲಿ ಊರಲ್ಲಿ ಏನಾದರೂ ಇದ್ದವರು ಹಿಂದಿರುಗಿದರು. ಸಾಲಗಾರರು ಕಣ್ಣು ಹೋದ ಕಡೆಗೆ ಹೋದರು. ನಿಕಿತಿನನು ದರ್ಬೆಂದ್, ಬಾಕು ಪಟ್ಟಣಗಳನ್ನು ದಾಟಿ ಪಾರಸಿ ದೇಶಕ್ಕೆ ನಡೆದನು.

ಹಿಂದೂದೇಶದಲ್ಲಿ ಕುದುರೆಗೆ ಬಹಳ ಬೆಲೆಯುಂಟೆಂದು ತಿಳಿದು, ಅವನು ನೂರು ರೂಬಲ್ ವೆಚ್ಚದಲ್ಲಿ ಒಂದು ಗಂಡು ಕುದುರೆಯನ್ನು ತೆಗೆದುಕೊಂಡು, ಹೊರ್ಮುಜ್ ಬಂದರಿನಲ್ಲಿ ಹಡಗನ್ನು ಹತ್ತಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವದಕ್ಕಿಂತ ಸುಮಾರು ಮೂವತ್ತು ವರುಷ ಮುಂಚಿನ ಮಾತಿದು. ಬಿಳಿಯ ಮೈಯವನನ್ನು ಕಂಡ ಜನರು ಬೆರಗಾಗಿ, ಅವನು ಎಲ್ಲಿ ಹೋದರೂ ಹಿಂದೆ ಗುಂಪಾಗಿ ಬರುತ್ತಿದ್ದರು. ಘಟ್ಟವನ್ನು ಹತ್ತಿ ಅನೇಕ ದಿನಗಳ ಪ್ರಯಾಣದ ಮೇಲೆ ಜುನ್ನರಕ್ಕೆ ಮುಟ್ಟುವಾಗ ಮಳೆಗಾಲ ಹಿಡಿದಿತ್ತು. ಎಲ್ಲೆಲ್ಲಿಯೂ ನೀರು, ಕೆಸರು. ಎರಡು ತಿಂಗಳು ಅಲ್ಲಿಯೇ ನಿಂತನು.

ಅಲ್ಲಿ ಅವನಿಗೆ ದೊಡ್ಡ ಶೋಧನೆ ಬಂತು. ಊರ ಅಧಿಕಾರಿಯಾದ ಅಸದಖಾನನು, ಇವನು ಮುಸಲ್ಮಾನನಲ್ಲವೆಂದು ತಿಳಿದು ಕುದುರೆಯನ್ನು ಕಿತ್ತುಕೊಂಡನು. ನಂಬಿಕೆಯನ್ನು ಬದಲಿಸಿದರೆ ಕುದುರೆಯೂ ಸಾವಿರ ಹೊನ್ನೂ ಸಿಕ್ಕುವವು. ಇಲ್ಲದಿದ್ದರೆ ಕುದುರೆ ಹೋಗುವದಲ್ಲದೆ ಸಾವಿರ ಹೊನ್ನು ದಂಡವನ್ನೂ ತೆರಬೇಕು. ನಾಲ್ಕು ದಿನಗಳ ಗಡುವು. ಪರದೇಶದಲ್ಲಿ ಅವನಿಗಿದ್ದ ಆಸ್ತಿಯೆಲ್ಲಾ ಆ ಒಂದು ಕುದುರೆಯೇ. ಆದರೂ ಅವನು ಒಪ್ಪಲಿಲ್ಲ, ದೇವರಿಗೆ ಮೊರೆಯಿಟ್ಟನು. ಗಡುವು ಮುಗಿಯುವ ಮುನ್ನ ಖುರಾಸಾನದ ಖೋಜಾ ಮಹಮ್ಮದನೆಂಬವನು ಆ ಊರಿಗೆ ಬಂದನು. ಅವನು ಮುಸಲ್ಮಾನನೇ, ಆದರೂ ಅಧಿಕಾರಿಯ ಬಳಿಗೆ ಹೋಗಿ ಈ ಪರದೇಶಿಯ ಪರವಾಗಿ ಬೇಡಿಕೊಂಡು ಕುದುರೆಯನ್ನು ಬಿಡಿಸಿಕೊಟ್ಟನು. ದೇವರು ಸಹಾಯವನ್ನು ಯಾರ ಕೈಯಿಂದ ಕಳುಹಿಸುವನೆಂಬದನ್ನು ನಾವು ಮುಂದಾಗಿ ಬಲ್ಲವರಲ್ಲ.

ಅಲ್ಲಿಂದ ಒಂದು ತಿಂಗಳು ನಡೆದು ಬೀದರಿಗೆ ಬಂದನು. ಆಗ ನಮ್ಮ ವಿಜಾಪುರ ಸೀಮೆಯೂ ಬೀದರಿನ ಬಹಮನಿ ಸುಲ್ತಾನರ ಕೈಕೆಳಗಿತ್ತು. ಗೋಳಗುಮ್ಮಟವು ಇನ್ನೂ ಹುಟ್ಟಿರಲಿಲ್ಲ. ಸುಲ್ತಾನನಾದ ಮೂರನೆಯ ಮಹಮ್ಮದಶಹನು ಎಳೆಯ ಪ್ರಾಯದವನು. ರಾಜ್ಯದ ಭಾರವನ್ನು ಹೊತ್ತವನು ಮಂತ್ರಿಯಾದ ಮಹಮೂದ್ ಗಾವಾನನು. ಈತನ ಮದರಸೆಯು 1472ರಲ್ಲಿ ಪೂರ್ತಿಯಾಯಿತು. ಅದರ ಗೋಡೆಗಳನ್ನು ಬೀದರಿಗೆ ಹೋದವರು ಇಂದಿಗೂ ಕಾಣಬಹುದು. ಅರಮನೆಯ ಏಳು ಬಾಗಿಲುಗಳನ್ನೂ, ಬಂದುಹೋಗುವವರ ಹೆಸರು ಬರೆದುಕೊಳ್ಳುವ ಲೇಖಕರನ್ನೂ, ದಂತಗಳಿಗೆ ಕತ್ತಿಗಳನ್ನು ಕಟ್ಟಿದ ಆನೆಗಳನ್ನೂ ನಿಕಿತಿನನು ನೋಡಿ ಬರೆದಿಟ್ಟನು. ಆದರೆ ಈ ವೈಭವಕ್ಕೆ ಅವನು ಮರುಳಾಗಲಿಲ್ಲ. ಪ್ರಭುಗಳು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವಾಗ ಹಳ್ಳಿಯ ಜನರು ಬಡವರಾಗಿ ಬರಿಮೈಯಲ್ಲಿರುವದನ್ನು ಕೂಡ ಅವನು ಬರೆದನು. ಆಳಂದವೆಂದು ಪಂಡಿತರು ಗುರುತಿಸುವ ಊರಿನಲ್ಲಿ ಹತ್ತು ದಿನಗಳ ಜಾತ್ರೆ ಕೂಡಿ ಸಾವಿರಾರು ಕುದುರೆಗಳು ಮಾರಾಟವಾಗುವದನ್ನೂ ತಿಳಿಸಿದನು.

ಬೀದರಿನಲ್ಲಿ ಅವನು ಹಿಂದೂಗಳ ಪರಿಚಯವನ್ನು ಮಾಡಿಕೊಂಡು, ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ಹೇಳಿದನು. ಅಂದಿನಿಂದ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವದನ್ನೂ ಅವನಿಗೆ ಮರೆಮಾಡಲಿಲ್ಲ. ಅವರ ಸಂಗಡ ಶಿವರಾತ್ರಿಯ ಜಾತ್ರೆಗಾಗಿ ಶ್ರೀಶೈಲ ಪರ್ವತಕ್ಕೂ ಹೋಗಿ ಬಂದನು. ಒಂದು ಮತದವರು ಇನ್ನೊಂದು ಮತದವರ ಸಂಗಡ ಉಣ್ಣದೆ, ಕುಡಿಯದೆ, ಹೆಣ್ಣು ಕೊಡದೆ ಇರುವದು ಅವನಿಗೆ ವಿಚಿತ್ರವಾಗಿ ತೋರಿತು. ಸಭೆಗೆ ಸೇರಿದ ಮೇಲೆಯೂ ಆ ಭೇದವು ನಮ್ಮ ಊಟದ ಪಂಕ್ತಿಯಲ್ಲಿ ಉಳಿದಿದೆಯೋ ಎಂದು ನಾವೇ ನಮ್ಮನ್ನು ಕೇಳಿಕೊಳ್ಳತಕ್ಕದ್ದು.

ಅವನಿಗೆ ಎಲ್ಲಕ್ಕಿಂತ ದೊಡ್ಡ ದುಃಖವು ಬೇರೆ ಇತ್ತು. ಪುಸ್ತಕಗಳಿಲ್ಲ, ಸಭೆಯಿಲ್ಲ, ಬೋಧಕನಿಲ್ಲ. ಪುನರುತ್ಥಾನದ ಹಬ್ಬವು ಯಾವಾಗ ಬರುವದೆಂದು ಅವನಿಗೆ ತಿಳಿಯದೆ ಹೋಯಿತು. ಮುಸಲ್ಮಾನರ ಹಬ್ಬವನ್ನು ನೋಡಿ ತನ್ನ ಹಬ್ಬವನ್ನು ಅಂದಾಜು ಮಾಡಿದನು. ಒಕ್ಕಲಿಗನು ನಕ್ಷತ್ರ ನೋಡಿ ಹೊತ್ತನ್ನು ತಿಳಿಯುವಂತೆ, ಬೀದರಿನಲ್ಲಿ ಆ ಹಬ್ಬದ ರಾತ್ರಿ ಅವನೂ ಕೃತ್ತಿಕೆ, ಸಪ್ತರ್ಷಿಗಳ ಕಡೆಗೆ ಕಣ್ಣೆತ್ತಿದನು. ನೆರೆಯವರು ಉಪವಾಸವಿದ್ದ ತಿಂಗಳಲ್ಲಿ ತಾನೂ ಉಪವಾಸವಿದ್ದು, ತನ್ನ ದೇವರನ್ನು ಪ್ರಾರ್ಥಿಸುತ್ತಾ, ನಂಬಿಕೆಗಾಗಿ ಕಣ್ಣೀರಿಟ್ಟನು. ಅವನ ಪುಸ್ತಕದ ಕಡೆಯಲ್ಲಿ ಅರಬ್ಬಿ, ಪಾರಸಿ, ತುರ್ಕಿ ಮಾತುಗಳು ಬೆರೆತ ಪ್ರಾರ್ಥನೆಗಳಿವೆ. ಆದಕಾರಣ ಅವನು ಮನಸ್ಸನ್ನು ಬದಲಿಸಿದನೋ ಇಲ್ಲವೋ ಎಂದು ಪಂಡಿತರು ಇಂದಿಗೂ ತರ್ಕಿಸುತ್ತಾರೆ. ಆ ತೀರ್ಪು ಹೃದಯಗಳನ್ನು ಬಲ್ಲವನಿಗೆ ಸೇರಿದ್ದು. ಅವನು ಬರೆದದ್ದರಿಂದ ಇಷ್ಟು ಮಾತ್ರ ಸ್ಪಷ್ಟ: ಅವನು ಮನೆಯನ್ನೂ ಸಭೆಯನ್ನೂ ಮರೆಯಲಿಲ್ಲ.

ಕೊನೆಗೆ ಕಲಬುರ್ಗಿ, ಆಳಂದಗಳ ಮೇಲೆ ದಾಭೋಳ ಬಂದರಿಗೆ ಇಳಿದು ಹಡಗನ್ನು ಹತ್ತಿದನು. ಹಡಗು ಒಂದು ತಿಂಗಳು ನೆಲವನ್ನೇ ಕಾಣದೆ ಇಥಿಯೋಪ್ಯದ ಕಡೆಗೆ ಹೋಯಿತು. ಅಲ್ಲಿಯವರಿಗೆ ಅಕ್ಕಿ, ಮೆಣಸು, ರೊಟ್ಟಿಗಳನ್ನು ಕೊಟ್ಟು ಜೀವ ಉಳಿಸಿಕೊಂಡರು. ತಿರಿಗಿ ಹೊರ್ಮುಜ್, ತಬ್ರೀಜ್, ಟ್ರೆಬಿಜಾಂದ್, ಕಪ್ಪು ಸಮುದ್ರ. ಕಾಸ್ಪಿಯನ್ನೂ ಹಿಂದೂ ಮಹಾಸಾಗರವೂ ಸೇರಿ ಮೂರು ಸಮುದ್ರಗಳಾದವು. ಆದರೆ ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ಪಟ್ಟಣವನ್ನು ಸೇರುವ ಮುಂಚೆಯೇ ತೀರಿಕೊಂಡನು. ಅವನ ಬರಹವನ್ನು 1475ರಲ್ಲಿ ಮಾಸ್ಕೋಗೆ ತಂದು ಒಪ್ಪಿಸಿದರು. ತ್ವೇರಿನಲ್ಲಿ 1955ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಪ್ರಿಯರೇ, ಅವನು ಲಾಭಕ್ಕಾಗಿ ಹೊರಟು ಲಾಭವನ್ನು ಪಡೆಯಲಿಲ್ಲ. ಕಂಡದ್ದನ್ನು ಸತ್ಯವಾಗಿ ಬರೆದಿಟ್ಟದ್ದೇ ಅವನಿಂದ ಉಳಿಯಿತು. ದುಡಿಯುವದಕ್ಕೆ ದೂರ ಹೋಗುವ ಮಕ್ಕಳ ಗಂಟಿನಲ್ಲಿ ರೊಟ್ಟಿಯ ಸಂಗಡ ವೇದಪುಸ್ತಕವನ್ನೂ ಇಟ್ಟು ಕಳುಹಿಸಿರಿ. ಪುಸ್ತಕವು ಕಳೆದುಹೋದರೂ ಬಾಯಿಪಾಠವಾದದ್ದನ್ನು ಯಾವ ಕಳ್ಳನೂ ಕದಿಯನು. ನಿಮ್ಮ ಊರಿಗೆ ದೂರದಿಂದ ಕೂಲಿಗಾಗಿ ಬಂದ ಪರದೇಶಿಯನ್ನು ಕಂಡರೆ, ಜುನ್ನರದ ಆ ಖುರಾಸಾನಿಯನ್ನು ನೆನಸಿರಿ.