ಡಾ. ಬಿ.ಎಸ್. ಮುಂಜೆ ಮತ್ತು ನಾಸಿಕದ ಭೋಂಸಲಾ ಮಿಲಿಟರಿ ಶಾಲೆ

ವಸಾಹತುಶಾಹಿ ಭಾರತದ ಶಿಕ್ಷಣ ಚರಿತ್ರೆಯ ಅಧ್ಯಯನಗಳು ಮಿಷನರಿ ಶಾಲೆಗಳು, ಸರ್ಕಾರಿ ಕಾಲೇಜುಗಳು ಹಾಗೂ ರಾಷ್ಟ್ರೀಯ ವಿದ್ಯಾಲಯಗಳ ಕುರಿತು ವಿಸ್ತಾರವಾಗಿ ಚರ್ಚಿಸಿವೆ. ಅವುಗಳಿಗೆ ಹೋಲಿಸಿದರೆ ಸೈನಿಕ ಶಿಕ್ಷಣಕ್ಕೆ ದೊರೆತಿರುವ ಗಮನ ಅಲ್ಪ. ಸರ್ಕಾರದ ಆಶ್ರಯವಿಲ್ಲದೆ 1937ರಲ್ಲಿ ನಾಸಿಕದಲ್ಲಿ ಆರಂಭವಾದ ಭೋಂಸಲಾ ಮಿಲಿಟರಿ ಶಾಲೆಯು ಈ ದೃಷ್ಟಿಯಿಂದ ಮಹತ್ವದ್ದು. ಅದರ ಸ್ಥಾಪಕರಾದ ಡಾ. ಬಾಲಕೃಷ್ಣ ಶಿವರಾಮ ಮುಂಜೆಯವರ ಬದುಕಿನ ಹಿನ್ನೆಲೆಯಲ್ಲಿ ಆ ಶಾಲೆಯ ಹುಟ್ಟನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಂಜೆಯವರು 1872ರಲ್ಲಿ ಮಧ್ಯಪ್ರಾಂತ್ಯದ ಬಿಲಾಸಪುರದಲ್ಲಿ ಜನಿಸಿದರು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ 1898ರಲ್ಲಿ ಪದವಿ ಪಡೆದ ಬಳಿಕ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ವೈದ್ಯಕೀಯ ದಳದೊಂದಿಗೆ ತೆರಳಿದರು. ಅದೇ ಯುದ್ಧದಲ್ಲಿ ಮೋಹನದಾಸ ಗಾಂಧಿಯವರೂ ಭಾರತೀಯರ ಶುಶ್ರೂಷಾ ದಳವೊಂದನ್ನು ಕಟ್ಟಿ ಗಾಯಾಳುಗಳನ್ನು ಹೊತ್ತಿದ್ದರು. ಒಂದೇ ಯುದ್ಧವನ್ನು ಶುಶ್ರೂಷೆಯ ಬದಿಯಿಂದ ಕಂಡ ಈ ಇಬ್ಬರು ಮುಂದೆ ವಿರುದ್ಧ ದಿಕ್ಕುಗಳಲ್ಲಿ ಸಾಗಿದುದು ಗಮನಾರ್ಹ.

ತಾಯ್ನಾಡಿಗೆ ಮರಳಿದ ಮುಂಜೆಯವರು ನಾಗಪುರದಲ್ಲಿ ನೇತ್ರವೈದ್ಯರಾಗಿ ನೆಲೆಸಿ, ನೇತ್ರಚಿಕಿತ್ಸೆಯನ್ನು ಕುರಿತು ಸಂಸ್ಕೃತದಲ್ಲಿ ಗ್ರಂಥವನ್ನೂ ರಚಿಸಿದರು. ರಾಜಕಾರಣದಲ್ಲಿ ಅವರು ತಿಲಕರ ಅನುಯಾಯಿ. 1920ರಲ್ಲಿ ತಿಲಕರು ತೀರಿಕೊಂಡಾಗ, ನಾಗಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸುವಂತೆ ಅರವಿಂದರನ್ನು ಕೋರಲು ಕೇಶವ ಬಲಿರಾಮ ಹೆಡಗೇವಾರರೊಡನೆ ಪಾಂಡಿಚೇರಿಗೆ ಹೋದರು. ಅರವಿಂದರು ಒಪ್ಪಲಿಲ್ಲ. ಗಾಂಧೀಜಿಯವರ ಅಹಿಂಸೆಯನ್ನು ಒಪ್ಪಲಾಗದ ಮುಂಜೆಯವರು ಕ್ರಮೇಣ ಕಾಂಗ್ರೆಸ್ಸಿನಿಂದ ದೂರವಾಗಿ, 1927ರಲ್ಲಿ ಹಿಂದೂ ಮಹಾಸಭೆಯ ಅಧ್ಯಕ್ಷರಾದರು.

ಅವರ ಸೈನಿಕ ಚಿಂತನೆಯನ್ನು ಅರಿಯಲು ಆ ಕಾಲದ ಸೇನಾ ನೀತಿಯನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೇನಾಧಿಪತಿ ರಾಬರ್ಟ್ಸ್ ಮೊದಲಾದವರು ಪ್ರತಿಪಾದಿಸಿದ ಯೋಧ ಜನಾಂಗಗಳ ಸಿದ್ಧಾಂತವು, ಕೆಲವು ಸಮುದಾಯಗಳು ಮಾತ್ರ ಹುಟ್ಟಿನಿಂದಲೇ ಕಾದಾಡಲು ಯೋಗ್ಯವೆಂದು ಸಾರಿತು. ಪೀಳಿಗೆಗಳಿಂದ ಸೇನೆಯಲ್ಲಿದ್ದ ಮಹಾರರಿಗೂ ಆಗ ಬಾಗಿಲು ಮುಚ್ಚಿತು. ಅಧಿಕಾರಿ ಪದವಿಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು: ಮೊದಲ ಮಹಾಯುದ್ಧದ ಕೊನೆಯಲ್ಲಿ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಭಾರತೀಯರಿಗೆ ಮೀಸಲಾದದ್ದು ವರ್ಷಕ್ಕೆ 10 ಸ್ಥಾನಗಳು ಮಾತ್ರ. ಭಾರತೀಯರಿಗೆ ತಮ್ಮ ದೇಶವನ್ನು ರಕ್ಷಿಸಿಕೊಳ್ಳುವ ಸಾಮರ್ಥ್ಯವಿಲ್ಲವೆಂಬ ವಾದವು ಸ್ವರಾಜ್ಯದ ಬೇಡಿಕೆಗೇ ಉತ್ತರವಾಗಿ ಬಳಕೆಯಾಗುತ್ತಿತ್ತು. ಯುದ್ಧವಿದ್ಯೆ ಹುಟ್ಟಿನಿಂದ ಬರುವುದಲ್ಲ, ಕಲಿಕೆಯಿಂದ ಬರುವುದು ಎಂಬುದು ಇದಕ್ಕೆ ಮುಂಜೆಯವರ ಪ್ರತಿವಾದ. ಭಾರತೀಯ ಸೈನಿಕ ಕಾಲೇಜಿನ ಸ್ವರೂಪವನ್ನು ನಿರ್ಧರಿಸಲು 1931ರಲ್ಲಿ ರಚಿತವಾದ ಸಮಿತಿಯಲ್ಲಿ ಅವರೂ ಸದಸ್ಯರಾಗಿದ್ದರು. 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿ 40 ಮಂದಿಯೊಡನೆ ಆರಂಭವಾಯಿತು. ಆದರೆ ಅಲ್ಲಿಗೆ ಸೇರಲು ಹುಡುಗರನ್ನು ಬಾಲ್ಯದಿಂದ ಅಣಿಗೊಳಿಸುವ ಶಾಲೆಗಳು ವಿರಳವಾಗಿದ್ದವು. ಈ ಕೊರತೆಯೇ ನಾಸಿಕದ ಶಾಲೆಗೆ ನೆಲೆಯನ್ನೊದಗಿಸಿತು.

ಇನ್ನೊಂದು ಪ್ರೇರಣೆ ಹೊರಗಿನದು. ಮೊದಲ ದುಂಡುಮೇಜಿನ ಪರಿಷತ್ತಿನಿಂದ ಹಿಂದಿರುಗುವಾಗ, 1931ರ ಮಾರ್ಚಿಯಲ್ಲಿ, ಮುಂಜೆಯವರು ಇಟಲಿಗೆ ಭೇಟಿಯಿತ್ತರು. ಫ್ಯಾಸಿಸ್ಟ್ ಪ್ರಭುತ್ವವು ಬಾಲಕರನ್ನು ಸಂಘಟಿಸುತ್ತಿದ್ದ ಬಾಲಿಲ್ಲಾ ಸಂಸ್ಥೆಯನ್ನೂ ದೈಹಿಕ ಶಿಕ್ಷಣದ ಕೇಂದ್ರಗಳನ್ನೂ ನೋಡಿದರು. ಮಾರ್ಚ್ 19ರಂದು ಮುಸೊಲಿನಿಯನ್ನು ಕಂಡರು. ತಾವು ಕಂಡದ್ದನ್ನು ಮೆಚ್ಚುಗೆಯಿಂದಲೇ ದಿನಚರಿಯಲ್ಲಿ ದಾಖಲಿಸಿದರು. ಆ ಶಿಸ್ತು ಸರ್ವಾಧಿಕಾರಕ್ಕೆ ವಿಧೇಯರಾದ ಪ್ರಜೆಗಳನ್ನು ಎರಕಹೊಯ್ಯುವ ಸಾಧನವೆಂಬ ಪ್ರಶ್ನೆ ಅವರನ್ನು ಕಾಡಿದಂತಿಲ್ಲ. ಈ ಸಂಗತಿಯನ್ನು ಮರೆಮಾಚಿ ಶಾಲೆಯ ಚರಿತ್ರೆಯನ್ನು ಬರೆಯಲಾಗದು. ಹಾಗೆಂದು ಶಾಲೆಯನ್ನು ಇಟಲಿಯ ನಕಲೆಂದಷ್ಟೇ ಹೇಳುವುದೂ ಅಪೂರ್ಣವಾದೀತು. ಸೇನೆಯ ಭಾರತೀಕರಣದ ಬೇಡಿಕೆ ಆ ಪ್ರವಾಸಕ್ಕಿಂತ ಹಳೆಯದು.

ಮುಂಜೆಯವರು 1935ರಲ್ಲಿ ಸೆಂಟ್ರಲ್ ಹಿಂದೂ ಮಿಲಿಟರಿ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದರು. ಅರವತ್ತು ದಾಟಿದ್ದ ಅವರು ದಾನಿಗಳಿಂದಲೂ ಸಂಸ್ಥಾನಿಕರಿಂದಲೂ ಹಣ ಕೂಡಿಸಿದರು. ಶಾಲೆಯ ಹೆಸರು ಭೋಂಸಲೆ ಮನೆತನವನ್ನು ನೆನಪಿಸಿದರೆ, ಅದರ ಆವರಣಕ್ಕೆ ರಾಮಭೂಮಿ ಎಂಬ ಹೆಸರಾಯಿತು. ಸಾಮಾನ್ಯ ಶಾಲಾ ಪಾಠಗಳ ಜೊತೆಗೆ ಕವಾಯತು, ಕುದುರೆ ಸವಾರಿ, ಬಂದೂಕಿನ ಗುರಿ ಅಭ್ಯಾಸಗಳು ವಸತಿಜೀವನದ ಅಂಗವಾದವು.

ಮುಂಜೆಯವರ ಯೋಜನೆಯ ಅಂತರ್ವಿರೋಧ ಇರುವುದು ಇಲ್ಲಿಯೇ. ಹುಟ್ಟಿನ ಆಧಾರದ ಮೇಲೆ ಯೋಧರನ್ನು ಗುರುತಿಸುವ ಬ್ರಿಟಿಷರ ಸಿದ್ಧಾಂತವನ್ನು ಅವರು ನಿರಾಕರಿಸಿದರು. ಆದರೆ ಅದಕ್ಕೆ ಬದಲಾಗಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲೇ ಧರ್ಮದ ಗೆರೆಯೊಂದನ್ನು ಎಳೆದರು. ಅವರು ಬಯಸಿದ ರಾಷ್ಟ್ರಸೇನೆಯ ಕಲ್ಪನೆಯೊಳಗೆ ರಾಷ್ಟ್ರದ ಎಲ್ಲರೂ ಸಮಾನವಾಗಿ ಸೇರಿರಲಿಲ್ಲ.

1948ರ ಮಾರ್ಚಿಯಲ್ಲಿ, ಗಾಂಧೀಜಿಯವರ ಹತ್ಯೆಯಾದ ಒಂದು ತಿಂಗಳ ತರುವಾಯ, ಮುಂಜೆಯವರು ನಿಧನರಾದರು. ಸ್ವತಂತ್ರ ಭಾರತವು 1961ರಿಂದ ಸೈನಿಕ ಶಾಲೆಗಳನ್ನು ತಾನೇ ತೆರೆಯಿತು. ವಿಜಾಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾಯಿತು. ಸಾಮಾನ್ಯ ಕುಟುಂಬಗಳ ಮಕ್ಕಳೂ ಅಧಿಕಾರಿಗಳಾಗಬಲ್ಲರೆಂಬ ವಿಚಾರವನ್ನು ಈ ಶಾಲೆಗಳು ಧರ್ಮದ ಗೆರೆಯಿಲ್ಲದೆ ಸಾರ್ವಜನಿಕ ನೆಲೆಗೆ ತಂದವು. ಖಾಸಗಿ ಸಂಸ್ಥೆಗಳ ಸಹಭಾಗಿತ್ವಕ್ಕೂ ಅವಕಾಶವಿರುವ 100 ಹೊಸ ಸೈನಿಕ ಶಾಲೆಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ನೀಡಿದ ಮೇಲೆ, ಮುಂಜೆಯವರ ಬದುಕು ಎತ್ತುವ ಪ್ರಶ್ನೆ ಮತ್ತೆ ಪ್ರಸ್ತುತವಾಗಿದೆ. ಶಸ್ತ್ರವಿದ್ಯೆಯನ್ನು ಮಕ್ಕಳಿಗೆ ಕಲಿಸುವವರು ಯಾರು ಎಂಬುದರಷ್ಟೇ, ಅವರು ಯಾರನ್ನು ತಮ್ಮವರೆಂದು ಎಣಿಸಲು ಕಲಿಸುತ್ತಾರೆ ಎಂಬುದೂ ಮುಖ್ಯ.